ಕೊಳ್ಳುವ ಕೌಂಟರ್: ಕ್ಯಾಂಪಸ್ ಪಕ್ಕದ ರೆಕಾರ್ಡ್ ಅಂಗಡಿಯ ಒಳಗೆಲಸ

ಅಮೆರಿಕದ ಕಾಲೇಜು ಊರುಗಳ ಸ್ವತಂತ್ರ ರೆಕಾರ್ಡ್ ಅಂಗಡಿಗಳ ಮಾತು ಬಂದರೆ ಜಾರ್ಜಿಯಾದ ಅಥೆನ್ಸ್‌ನಲ್ಲಿರುವ ವುಕ್ಸ್‌ಟ್ರಿ ಹೆಸರು ಬಂದೇ ಬರುತ್ತದೆ. 1976ರಲ್ಲಿ ಶುರುವಾದ ಆ ಅಂಗಡಿಗೆ ಜಾರ್ಜಿಯಾ ವಿಶ್ವವಿದ್ಯಾಲಯದಿಂದ ನಡೆದೇ ಹೋಗಬಹುದು. ಅಲ್ಲಿ ಕೌಂಟರ್ ಹಿಂದೆ ನಿಲ್ಲುತ್ತಿದ್ದ ಪೀಟರ್ ಬಕ್‌ಗೂ ಗಿರಾಕಿಯಾಗಿ ಬರುತ್ತಿದ್ದ ಮೈಕೆಲ್ ಸ್ಟೈಪ್‌ಗೂ ಗೆಳೆತನವಾಯಿತು, 1980ರಲ್ಲಿ ಆರ್.ಇ.ಎಂ. ಎಂಬ ರಾಕ್ ತಂಡ ಹುಟ್ಟಿತು. ಮಿಷಿಗನ್ ವಿಶ್ವವಿದ್ಯಾಲಯದ ಊರಾದ ಆನ್ ಆರ್ಬರ್‌ನಲ್ಲಿ ರಾಕ್ ಗಾಯಕ ಇಗ್ಗಿ ಪಾಪ್ ಕೂಡ ಎಳೆ ವಯಸ್ಸಿನಲ್ಲಿ ರೆಕಾರ್ಡ್ ಅಂಗಡಿಯ ಕೆಲಸದವನೇ. ಇಂಥ ಕತೆಗಳು ಕೇಳಲು ಚೆನ್ನ. ಆದರೆ ಇವನ್ನು ಕೇಳಿದವರ ತಲೆಯಲ್ಲಿ ಉಳಿಯುವುದು, ಅಲ್ಲಿದ್ದವರು ದಿನವಿಡೀ ಹಾಡು ಕೇಳುತ್ತ ಹರಟುತ್ತಿದ್ದರು ಎಂಬ ಚಿತ್ರ. ನಿಜವಾದ ಕೆಲಸ ಬೇರೆಯೇ ಇತ್ತು, ಅದರಲ್ಲಿ ಬಹುಪಾಲು ಮಾರುವುದಲ್ಲ, ಕೊಳ್ಳುವುದು.

ಲೆಕ್ಕ ನೋಡಿದರೆ ಕಾರಣ ತಿಳಿಯುತ್ತದೆ. 1990ರ ದಶಕದಲ್ಲಿ ಹೊಸ ಸಿಡಿಯ ಮುದ್ರಿತ ಬೆಲೆ 16.98 ಡಾಲರ್ ಇದ್ದಾಗ ಅಂಗಡಿಗೆ ಅದು ಬೀಳುತ್ತಿದ್ದದ್ದು ಹತ್ತೂವರೆ ಡಾಲರ್ ಆಸುಪಾಸು. ಪೈಪೋಟಿಯಲ್ಲಿ 13ಕ್ಕೆ ಮಾರಿದರೆ ಉಳಿಯುವುದು ಎರಡೂವರೆ. ಅದರಲ್ಲೇ ಬಾಡಿಗೆ, ಸಂಬಳ, ಕಳ್ಳತನದ ನಷ್ಟ ಎಲ್ಲ ಹೋಗಬೇಕು. ಅದೇ ಸಿಡಿಯನ್ನು ವಿದ್ಯಾರ್ಥಿಯೊಬ್ಬನಿಂದ ನಾಲ್ಕು ಡಾಲರಿಗೆ ಕೊಂಡು ಎಂಟಕ್ಕೆ ಮಾರಿದರೆ ಹಾಕಿದ ದುಡ್ಡು ಇಮ್ಮಡಿ. ಹೊಸ ಮಾಲು ಗಿರಾಕಿಯನ್ನು ಬಾಗಿಲೊಳಗೆ ಕರೆತರುತ್ತಿತ್ತು, ಬಾಡಿಗೆ ಕಟ್ಟುತ್ತಿದ್ದದ್ದು ಹಳೆ ಮಾಲು. ಬರ್ಕ್ಲಿಯ ಟೆಲಿಗ್ರಾಫ್ ಅವೆನ್ಯೂದಲ್ಲಿ 1971ರಿಂದ ಇದ್ದ ರಾಸ್ಪುಟಿನ್, ಅಲ್ಲಿ ಕೆಲಸ ಮಾಡಿ ಹೊರಬಂದವರು 1990ರಲ್ಲಿ ಅದೇ ರಸ್ತೆಯಲ್ಲಿ ತೆರೆದ ಅಮೀಬಾ, ನ್ಯೂಜೆರ್ಸಿಯಲ್ಲಿ 1980ರಿಂದ ನಡೆಯುತ್ತಿರುವ ಪ್ರಿನ್ಸ್‌ಟನ್ ರೆಕಾರ್ಡ್ ಎಕ್ಸ್‌ಚೇಂಜ್, ಇವೆಲ್ಲ ಬೆಳೆದದ್ದು ಹಳೆ ರೆಕಾರ್ಡುಗಳ ಬೆನ್ನೇರಿ. ಮೂರೂ ವಿಶ್ವವಿದ್ಯಾಲಯದ ಪಕ್ಕದಲ್ಲೇ ಇದ್ದದ್ದು ಆಕಸ್ಮಿಕವಲ್ಲ. ವರ್ಷಕ್ಕೆ ಎರಡು ಸಲ ಸಾವಿರಾರು ಜನ ಕೋಣೆ ಖಾಲಿ ಮಾಡುವ, ಅದರಲ್ಲಿ ಅರ್ಧ ಜನಕ್ಕೆ ತುರ್ತಾಗಿ ದುಡ್ಡು ಬೇಕಾಗುವ ಜಾಗ ಬೇರೆ ಎಲ್ಲಿದೆ?

ಹಾಗಾಗಿ ಅಂಗಡಿಯ ಪಂಚಾಂಗ ಎಂದರೆ ವಿಶ್ವವಿದ್ಯಾಲಯದ ಕ್ಯಾಲೆಂಡರ್. ಆಗಸ್ಟ್ ಕೊನೆಯಲ್ಲಿ ಹೊಸಬರು ಬರುತ್ತಾರೆ, ಮೊದಲ ಎರಡು ವಾರ ಪೋಸ್ಟರ್, ಎಲ್ಲರೂ ಕೇಳುವ ಹಳೆಯ ಪ್ರಸಿದ್ಧ ಆಲ್ಬಮ್, ಅಗ್ಗದ ಸ್ಪೀಕರ್ ತಂತಿ ಇವೇ ಖರ್ಚಾಗುತ್ತವೆ. ಅಕ್ಟೋಬರ್ ಹೊತ್ತಿಗೆ ಅವರ ಅಭಿರುಚಿ ಬದಲಾಗಿರುತ್ತದೆ, ಊರಿಂದ ತಂದ ಸಿಡಿಗಳನ್ನು ಮಾರಲು ಬರುತ್ತಾರೆ. ಡಿಸೆಂಬರ್ ಪರೀಕ್ಷೆ ಮುಗಿದ ದಿನ ವಿಮಾನದ ಟಿಕೆಟ್ಟಿಗೆ ಕಡಿಮೆ ಬಿದ್ದ ದುಡ್ಡಿಗಾಗಿ ಒಂದು ಅಲೆ. ಮೇ ಎರಡನೇ ವಾರದಿಂದ ದೊಡ್ಡ ಅಲೆ. ಇಲ್ಲಿ ಒಂದು ಇಕ್ಕಟ್ಟಿದೆ. ಮಾಲು ಹೊಳೆಯಂತೆ ಬರುವ ಮೇ ತಿಂಗಳಲ್ಲೇ ಕೊಳ್ಳುವವರು ಊರು ಬಿಡುತ್ತಾರೆ, ಜೂನ್ ಜುಲೈಯಲ್ಲಿ ಗಲ್ಲಾಪೆಟ್ಟಿಗೆ ಒಣಗಿರುತ್ತದೆ. ಮೇ ತಿಂಗಳಲ್ಲಿ ಕೈಯಲ್ಲಿ ನಗದು ಇಲ್ಲದ ಅಂಗಡಿಗೆ ಸೆಪ್ಟೆಂಬರ್‌ನಲ್ಲಿ ಮಾರಲು ಮಾಲು ಇರುವುದಿಲ್ಲ. ಅನುಭವಿಗಳು ಮಾರ್ಚ್‌ನಿಂದಲೇ ಹೊಸ ಆರ್ಡರ್ ಇಳಿಸಿ, ಮಾರಾಟವಾಗದ್ದನ್ನು ವಿತರಕರಿಗೆ ವಾಪಸ್ ಕಳಿಸಿ, ಮೇ ತಿಂಗಳಿಗೆ ದುಡ್ಡು ಕೂಡಿಡುತ್ತಿದ್ದರು. ಇದೊಂದು ಗೊತ್ತಿಲ್ಲದೆ, ಹಾಡಿನ ಜ್ಞಾನ ಒಂದನ್ನೇ ನಂಬಿ ತೆರೆದ ಅಂಗಡಿಗಳು ಎರಡನೇ ಬೇಸಿಗೆ ದಾಟುವುದು ಕಷ್ಟ.

ಇನ್ನು ಕೌಂಟರ್‌ಗೆ ಬರೋಣ. ಯಾರೋ ನಲವತ್ತು ಎಲ್‌ಪಿ, ಅಂದರೆ ಇಡೀ ಆಲ್ಬಮ್ ಹಿಡಿಸುವ ದೊಡ್ಡ ವಿನೈಲ್ ತಟ್ಟೆ, ತಂದು ಇಟ್ಟರು ಎನ್ನಿ. ಸಂತೆಯಲ್ಲಿ ಎತ್ತಿನ ಬಾಯಿ ತೆರೆದು ಹಲ್ಲು ನೋಡುವ ಹಾಗೆ ಪ್ರತಿಯೊಂದನ್ನೂ ಹೊರತೆಗೆದು ನೋಡಲೇಬೇಕು. ಕವರ್ ನೋಡಿ ಬೆಲೆ ಕಟ್ಟುವವನು ತಿಂಗಳೊಳಗೆ ಅಂಗಡಿಯ ದುಡ್ಡು ಕರಗಿಸುತ್ತಾನೆ. ಮೊದಲ ಪರೀಕ್ಷೆ ಬಹಳ ಸರಳ: ಕವರಿನೊಳಗೆ ಅದೇ ರೆಕಾರ್ಡ್ ಇದೆಯೇ? ಹಾಸ್ಟೆಲ್ ಪಾರ್ಟಿಯ ಮರುದಿನ ಯಾವ ತಟ್ಟೆ ಯಾವ ಕವರಿಗೆ ಸೇರಿತು ಎಂದು ಯಾರೂ ನೋಡುವುದಿಲ್ಲ. ಲೇಬಲ್ ಮೇಲಿನ ಕ್ಯಾಟಲಾಗ್ ಸಂಖ್ಯೆ ಮತ್ತು ಕವರಿನ ಬೆನ್ನ ಮೇಲಿನ ಸಂಖ್ಯೆ ತಾಳೆಯಾಗಬೇಕು. ಜೋಡಿ ಆಲ್ಬಮ್ ಆದರೆ ಎರಡೂ ತಟ್ಟೆ ಇರಬೇಕು, ಎರಡೂ ಒಂದೇ ಆಗಿರಬಾರದು. (ಎಪ್ಪತ್ತರ ದಶಕದ ಮಡಿಚುವ ಕವರ್‌ಗಳನ್ನು ತೆರೆದಾಗ ಕೌಂಟರ್ ಮೇಲೆ ಸಣ್ಣ ಬೀಜ ಉದುರುವುದುಂಟು. ಆ ಕವರಿನ ಮೇಲೆ ಏನನ್ನು ಹಸನು ಮಾಡುತ್ತಿದ್ದರು ಎಂದು ಕೇಳುವ ಪದ್ಧತಿ ಇರಲಿಲ್ಲ.)

ತಟ್ಟೆಯನ್ನು ಹಿಡಿಯುವಾಗ ಅಂಚು ಮತ್ತು ಲೇಬಲ್ ಮಾತ್ರ ಕೈಗೆ ತಾಗಬೇಕು, ಹಾಡು ಅಚ್ಚಾದ ಗೆರೆಗಳ ಮೇಲೆ ಬೆರಳು ಬೀಳಬಾರದು. ನೋಡಲು ಟ್ಯೂಬ್‌ಲೈಟ್ ಸಾಲದು. ಅದರ ಹರಡಿದ ಬೆಳಕು ಕೂದಲೆಳೆಯ ಗೀರುಗಳನ್ನು ಮುಚ್ಚಿಬಿಡುತ್ತದೆ. ಒಂದೇ ಬಿಂದುವಿನಿಂದ ಬರುವ ಪ್ರಖರ ಬಲ್ಬ್ ಕೆಳಗೆ ತಟ್ಟೆಯನ್ನು ಓರೆಯಾಗಿ ಹಿಡಿದು ನಿಧಾನ ತಿರುಗಿಸಬೇಕು. ಗೀರು ಕಂಡರೆ ಉಗುರಿನ ತುದಿಯನ್ನು ಅದರ ಮೇಲೆ ಹಗುರವಾಗಿ ಎಳೆದು ನೋಡುವುದು. ಉಗುರಿಗೆ ತಾಗದ್ದು ಬಹುಮಟ್ಟಿಗೆ ಕಿವಿಗೂ ತಾಗುವುದಿಲ್ಲ, ತಾಗಿದ್ದು ಖಂಡಿತ ಟಕ್ಕೆನ್ನುತ್ತದೆ. ನಿಮಿಷಕ್ಕೆ 33⅓ ಸುತ್ತಿನ ವೇಗದಲ್ಲಿ ಒಂದು ಸುತ್ತಿಗೆ 1.8 ಸೆಕೆಂಡ್. ಮಧ್ಯದಿಂದ ಅಂಚಿಗೆ ಹೋದ ಗೀರು ಅಷ್ಟಷ್ಟು ಹೊತ್ತಿಗೆ ಒಂದು ಟಕ್ ಕೊಡುತ್ತ ಹೋಗುತ್ತದೆ, ಅದನ್ನು ಸಹಿಸಬಹುದು. ಗೆರೆಯ ದಿಕ್ಕಿನಲ್ಲೇ ಓರೆಯಾಗಿ ಹೋದ ಗೀರು ಅಪಾಯಕಾರಿ. ಮುಳ್ಳು ಅದರ ಜಾಡು ಹಿಡಿದು ಪಕ್ಕದ ಗೆರೆಗೆ ಜಾರುತ್ತದೆ, ಒಂದೇ ಸಾಲು ಮತ್ತೆ ಮತ್ತೆ ಬರುತ್ತದೆ.

ಗೀರಿಗಿಂತ ಮೋಸದ್ದು ಸವೆತ. ಗೀರು ಒಂದೂ ಇಲ್ಲದೆ ತಟ್ಟೆ ಮಿರುಗುತ್ತಿದ್ದರೂ ಗಟ್ಟಿ ದನಿಯ ಭಾಗಗಳಲ್ಲಿ ಬೂದುಬಣ್ಣದ ಮಂಕು ಕಂಡರೆ ಅದು ಭಾರದ ಮುಳ್ಳಿನ ಕೆಲಸ. ಒಳ್ಳೆಯ ಮ್ಯಾಗ್ನೆಟಿಕ್ ಕಾರ್ಟ್ರಿಜ್ (ಮುಳ್ಳನ್ನು ಹಿಡಿದಿರುವ ಭಾಗ) ಒಂದೂವರೆಯಿಂದ ಎರಡು ಗ್ರಾಂ ಭಾರದಲ್ಲಿ ಓಡುತ್ತದೆ. ಹಾಸ್ಟೆಲ್ ಕೋಣೆಯ ಸೂಟ್‌ಕೇಸ್ ಮಾದರಿಯ ಪ್ಲೇಯರ್‌ಗಳ ಸೆರಾಮಿಕ್ ಕಾರ್ಟ್ರಿಜ್‌ನದು ಐದು ಗ್ರಾಂ, ಕೆಲವೊಮ್ಮೆ ಇನ್ನೂ ಹೆಚ್ಚು. ಅಂಥದ್ದರಲ್ಲಿ ಐವತ್ತು ಸಲ ಓಡಿದ ತಟ್ಟೆಯ ಒಳಗಿನ ಹಾಡುಗಳಲ್ಲಿ, ಅಂದರೆ ಲೇಬಲ್ ಹತ್ತಿರದವುಗಳಲ್ಲಿ, ಸಕಾರ ಬಂದಲ್ಲೆಲ್ಲ ದನಿ ಒಡೆಯುತ್ತದೆ. ಎಷ್ಟು ಸಲ ಓಡಿದೆ ಎಂದು ತಿಳಿಯಲು ನಡುವಿನ ತೂತಿನ ಸುತ್ತ ನೋಡಬೇಕು. ಕತ್ತಲಲ್ಲಿ ತಡಕಾಡಿ ಕಡ್ಡಿಗೆ ಸಿಕ್ಕಿಸಿದಾಗ ಲೇಬಲ್ ಮೇಲೆ ಬಿದ್ದ ಸಣ್ಣ ಬಿಳಿ ಗೆರೆಗಳು ಅಲ್ಲಿ ಜೇಡರ ಕಾಲಿನಂತೆ ಹರಡಿರುತ್ತವೆ. ಮಾರುವವನು ‘ಎರಡೇ ಸಲ ಕೇಳಿದ್ದು’ ಎಂದರೂ ಆ ಗೆರೆಗಳು ಸುಳ್ಳು ಹೇಳುವುದಿಲ್ಲ.

ಕಣ್ಣಿನ ಮಟ್ಟಕ್ಕೆ ಹಿಡಿದು ಸೊಟ್ಟಗಾಗಿದೆಯೇ ನೋಡುವುದು ಮುಂದಿನದು. ರೆಕಾರ್ಡಿನ ವಿನೈಲ್ ಸುಮಾರು 60 ಡಿಗ್ರಿ ಸೆಲ್ಸಿಯಸ್‌ಗೆ ಮೆತ್ತಗಾಗತೊಡಗುತ್ತದೆ. ಬಿಸಿಲಲ್ಲಿ ನಿಂತ ಕಾರಿನೊಳಗೆ ಆ ಬಿಸಿ ಕಷ್ಟವೇನಲ್ಲ. ಮೇ ತಿಂಗಳಲ್ಲಿ ಸಾಮಾನು ಸಾಗಿಸುವಾಗ ಕಾರಿನ ಹಿಂಬದಿಯಲ್ಲಿ ಪೆಟ್ಟಿಗೆ ಬಿಟ್ಟು ಊಟಕ್ಕೆ ಹೋದವರು ಅರ್ಧ ಸಂಗ್ರಹ ಕಳೆದುಕೊಂಡಿರುತ್ತಾರೆ. ಇಡೀ ತಟ್ಟೆ ಬಟ್ಟಲಿನಂತೆ ಬಾಗಿದ್ದರೆ ಬಹುಮಟ್ಟಿಗೆ ಓಡುತ್ತದೆ, ಅಂಚಿನಲ್ಲಿ ಒಂದೇ ಕಡೆ ಚೂಪಾಗಿ ಎದ್ದಿದ್ದರೆ ಮುಳ್ಳು ಹಾರುತ್ತದೆ, ಅದನ್ನು ಕೊಳ್ಳಬಾರದು. ನೆಲಮಾಳಿಗೆಯಲ್ಲಿದ್ದ ಸಂಗ್ರಹವಾದರೆ ಮೂಸಿ ನೋಡುವುದೇ ಮೊದಲ ಪರೀಕ್ಷೆ. ತಟ್ಟೆಯ ಬೂಷ್ಟನ್ನು ತೊಳೆಯಬಹುದು, ಕವರಿನ ಕಾಗದಕ್ಕೆ ಹಿಡಿದದ್ದು ಹೋಗುವುದಿಲ್ಲ, ಪಕ್ಕದ ಕವರ್‌ಗಳಿಗೂ ಆ ವಾಸನೆ ಹತ್ತುತ್ತದೆ.

ದರ್ಜೆ ಕೊಡಲು ಎಲ್ಲರೂ ಬಳಸುವುದು ರೆಕಾರ್ಡ್ ಸಂಗ್ರಾಹಕರ ಗೋಲ್ಡ್‌ಮೈನ್ ಪತ್ರಿಕೆಯ ಅಳತೆ. ಹೊಚ್ಚ ಹೊಸದು, ಬಹುಪಾಲು ಹೊಸದು, ವೆರಿ ಗುಡ್ ಪ್ಲಸ್, ವೆರಿ ಗುಡ್, ಗುಡ್, ಹೀಗೆ ಇಳಿಯುತ್ತದೆ. ಒಂದೊಂದು ಮೆಟ್ಟಿಲು ಇಳಿದಂತೆ ಬೆಲೆ ಹೇಗೆ ಕುಸಿಯುತ್ತದೆ ಎಂಬುದು ಹೊಸಬರಿಗೆ ಅಂದಾಜಾಗುವುದಿಲ್ಲ. ಬಹುಪಾಲು ಹೊಸದಕ್ಕೆ 20 ಡಾಲರ್ ಎಂದರೆ ವೆರಿ ಗುಡ್ ಪ್ಲಸ್‌ಗೆ 10, ವೆರಿ ಗುಡ್‌ಗೆ 5, ಗುಡ್‌ಗೆ ಎರಡೋ ಮೂರೋ. ಅಂದರೆ ಈ ಅಳತೆಯಲ್ಲಿ ‘ಗುಡ್’ ಎಂದರೆ ಒಳ್ಳೆಯದಲ್ಲ, ಕೊನೆಯವರೆಗೆ ಹೇಗೋ ಓಡುತ್ತದೆ ಎಂದಷ್ಟೇ. ಅನುಮಾನ ಬಂದಾಗ ಒಂದು ಮೆಟ್ಟಿಲು ಕೆಳಗೇ ಇಡುವುದು ಲೇಸು. ವಾಪಸ್ ಬಂದ ಒಂದು ರೆಕಾರ್ಡ್ ಮೂರು ಮಾರಾಟದ ಲಾಭ ತಿನ್ನುತ್ತದೆ.

ಬೆಲೆಬಾಳುವುದು ಯಾವುದು ಎಂದು ತಿಳಿಯಲು ಕೊನೆಯ ಗೆರೆಗೂ ಲೇಬಲ್ಲಿಗೂ ನಡುವಿನ ಖಾಲಿ ಪಟ್ಟಿ ಓದಬೇಕು. ಅಲ್ಲಿ ಅಚ್ಚಿನ ಸಂಖ್ಯೆ, ಕೆತ್ತಿದವರ ಗುರುತು ಇರುತ್ತದೆ. ಬ್ಲೂ ನೋಟ್ ಕಂಪನಿಯ ಜಾಝ್ ರೆಕಾರ್ಡುಗಳಲ್ಲಿ ಧ್ವನಿಮುದ್ರಣ ತಂತ್ರಜ್ಞ ರೂಡಿ ವ್ಯಾನ್ ಗೆಲ್ಡರ್‌ನ ‘ಆರ್‌ವಿಜಿ’ ಮುದ್ರೆ ಇದ್ದು, ಜೊತೆಗೆ ಕಿವಿಯಂತೆ ಕಾಣುವ ಬಳ್ಳಿಯಕ್ಷರದ ಪಿ ಇದ್ದರೆ ಅದು ಪ್ಲಾಸ್ಟಿಲೈಟ್ ಕಾರ್ಖಾನೆಯ ಅಚ್ಚು, 1966ರ ತನಕದ್ದು. ಅದೇ ಕವರ್, ಅದೇ ಸಂಗೀತ, ಆದರೆ ಆ ಕಿವಿ ಇಲ್ಲದಿದ್ದರೆ ಬೆಲೆಯಲ್ಲಿ ಒಂದು ಸೊನ್ನೆ ಕಡಿಮೆ. ನಿವೃತ್ತರಾದ ಪ್ರಾಧ್ಯಾಪಕರ ಮನೆಗಳಲ್ಲಿ ಇಂಥವು ಸಿಗುತ್ತಿದ್ದವು. ಮನೆಗೆ ಹೋಗಿ ಕೊಳ್ಳುವಾಗ ತೂಕದ ಅಂದಾಜಿರಲಿ. ಕವರ್ ಸಮೇತ ಒಂದು ಎಲ್‌ಪಿ ಕಾಲು ಕಿಲೋ ಹತ್ತಿರ, ನೂರಕ್ಕೆ 22–25 ಕಿಲೋ. ಎರಡು ಸಾವಿರ ಎಲ್‌ಪಿ ಇಳಿಸಲು ಮೂರನೇ ಮಹಡಿಯ ಮೆಟ್ಟಿಲು, ಒಬ್ಬನೇ ಹುಡುಗ ಎಂದರೆ ಆಗದ ಕೆಲಸ. ಪ್ರಾಧ್ಯಾಪಕರ ಸಂಗ್ರಹದಲ್ಲಿ ಪಾಶ್ಚಾತ್ಯ ಶಾಸ್ತ್ರೀಯ ಸಂಗೀತದ ಪೆಟ್ಟಿಗೆ ಸೆಟ್‌ಗಳು ರಾಶಿ ಇರುತ್ತವೆ, ಅತ್ಯಂತ ಜತನದಿಂದ ಇಟ್ಟವು ಅವೇ, ಅತ್ಯಂತ ಕಡಿಮೆ ಬೆಲೆ ಬರುವವೂ ಅವೇ. ಇದನ್ನು ಆ ಹಿರಿಯರಿಗೆ ಹೇಳುವ ಬಗೆ ಯಾವ ಪಟ್ಟಿಯಲ್ಲೂ ಇಲ್ಲ.

ಸಿಡಿ ನೋಡುವ ಕ್ರಮವೇ ಬೇರೆ. ಹೊಸಬರು ಕೆಳಗಿನ ಹೊಳೆಯುವ ಬದಿ ನೋಡಿ ಹೆದರುತ್ತಾರೆ. ಅಲ್ಲಿ ಒಂದೂಕಾಲು ಮಿಲಿಮೀಟರ್‌ಗೆ ತುಸು ಕಡಿಮೆ ದಪ್ಪದ ಪಾಲಿಕಾರ್ಬೊನೇಟ್ ಇದೆ, ಮಧ್ಯದಿಂದ ಅಂಚಿಗೆ ಹೋದ ಗೀರನ್ನು ತಪ್ಪು ತಿದ್ದುವ ವ್ಯವಸ್ಥೆ ನುಂಗಿಕೊಳ್ಳುತ್ತದೆ. ಆದರೆ ಜಾಡಿನುದ್ದಕ್ಕೆ ಎರಡೂವರೆ ಮಿಲಿಮೀಟರ್‌ಗಿಂತ ಹೆಚ್ಚು ಕೆಟ್ಟರೆ ತಿದ್ದಲಾಗುವುದಿಲ್ಲ, ಸುತ್ತುಗೀರು ಅದಕ್ಕೇ ಕೆಟ್ಟದ್ದು. ಎಲ್ಲಕ್ಕಿಂತ ಕೆಟ್ಟದ್ದು ಮೇಲಿನ, ಹೆಸರು ಅಚ್ಚಾದ ಬದಿಯ ಗಾಯ. ಅಲ್ಯೂಮಿನಿಯಂ ಪದರ ಆ ತೆಳು ಲೇಪದ ಕೆಳಗೇ ಇದೆ. ಬಲ್ಬಿಗೆ ಎದುರು ಹಿಡಿದಾಗ ಸೂಜಿತೂತಿನ ಬೆಳಕು ಕಂಡರೆ ಅಲ್ಲಿ ಸಂಗೀತ ಉಳಿದಿಲ್ಲ ಎಂದರ್ಥ, ಯಾವ ಪಾಲಿಶ್ ಯಂತ್ರವೂ ಅದನ್ನು ತಾರದು. ಒಡೆದ ಪ್ಲಾಸ್ಟಿಕ್ ಡಬ್ಬಿಯ ಚಿಂತೆ ಬೇಡ, ಬದಲಿಗೆ ಕೆಲವೇ ಸೆಂಟ್. ಒಳಗಿನ ಪುಸ್ತಿಕೆ ಇಲ್ಲದಿದ್ದರೆ ಮಾತ್ರ ಬೆಲೆ ಅರ್ಧಕ್ಕೆ ಇಳಿಯುತ್ತದೆ.

ವಿದ್ಯಾರ್ಥಿಗಳ ಸಿಡಿಗಳಲ್ಲಿ ಇನ್ನೊಂದು ಗೋಜಲಿತ್ತು. ಕೊಲಂಬಿಯಾ ಹೌಸ್, ಬಿಎಂಜಿ ಎಂಬ ಅಂಚೆ ಮೂಲಕದ ಕ್ಲಬ್‌ಗಳು ಸದಸ್ಯರಾದ ಕೂಡಲೇ ಎಂಟೋ ಹನ್ನೆರಡೋ ಸಿಡಿಯನ್ನು ಬಿಡಿಗಾಸಿಗೆ ಕಳಿಸುತ್ತಿದ್ದವು. ಒಂದೇ ಕೋಣೆಯ ವಿಳಾಸಕ್ಕೆ ನಾಲ್ಕು ಬೇರೆ ಬೇರೆ ಹೆಸರಲ್ಲಿ ಸದಸ್ಯರಾಗಿ, ಬಂದ ಸಿಡಿಗಳ ಸುತ್ತುಹಾಳೆಯನ್ನೂ ಬಿಚ್ಚದೆ ಅಂಗಡಿಗೆ ತರುವವರಿದ್ದರು. ಹಿಂಬದಿಯಲ್ಲಿ ಬಾರ್‌ಕೋಡ್ ಇಲ್ಲದಿರುವುದು ಅಥವಾ ಕ್ಲಬ್ಬಿಗಾಗಿ ತಯಾರಾದದ್ದು ಎಂಬ ಸಣ್ಣ ಅಕ್ಷರ ಇದರ ಗುರುತು. ಸಂಗೀತದಲ್ಲಿ ವ್ಯತ್ಯಾಸವಿಲ್ಲ, ಆದರೆ ಎಲ್ಲರೂ ಅದೇ ಹನ್ನೆರಡನ್ನು ಆರಿಸುತ್ತಿದ್ದರಿಂದ ಅಂಗಡಿಯಲ್ಲಿ ಒಂದೇ ಆಲ್ಬಮ್ಮಿನ ಹದಿನೈದು ಪ್ರತಿ ಬಿದ್ದಿರುತ್ತಿದ್ದವು. ಕೊಳ್ಳುವವನು ಆಲ್ಬಮ್ ಎಷ್ಟು ಚೆನ್ನಾಗಿದೆ ಎಂದು ಕೇಳಿಕೊಳ್ಳುವುದಲ್ಲ, ಈಗಾಗಲೇ ಎಷ್ಟಿದೆ, ವಾರಕ್ಕೆ ಎಷ್ಟು ಹೋಗುತ್ತದೆ ಎಂದು ಕೇಳಿಕೊಳ್ಳಬೇಕು. ಕೌಂಟರಿನ ಕೆಳಗೆ ಅಂಟಿಸಿದ ‘ಸದ್ಯ ಬೇಡ’ ಪಟ್ಟಿಯನ್ನು ವಾರವಾರ ತಿದ್ದುತ್ತಿದ್ದದ್ದು ಇದಕ್ಕೇ.

ದುಡ್ಡಿನ ಮಾತು. ಮಾರುವ ಬೆಲೆಯ ಮೂರರಲ್ಲಿ ಒಂದು ಪಾಲು ನಗದು, ಅರ್ಧ ಪಾಲು ಅಂಗಡಿಯಲ್ಲೇ ಖರ್ಚು ಮಾಡುವ ಚೀಟಿ, ಇದು ಸಾಮಾನ್ಯ ರೂಢಿ. ಚೀಟಿ ಕೊಟ್ಟಷ್ಟೂ ಅಂಗಡಿಗೆ ಒಳ್ಳೆಯದು, ಗಲ್ಲಾದ ನಗದು ಉಳಿಯುತ್ತದೆ. ಗುರುತಿನ ಚೀಟಿ ನೋಡಿ, ಹೆಸರು ವಿಳಾಸ ಬರೆದುಕೊಂಡು, ಸಹಿ ಹಾಕಿಸಿಕೊಳ್ಳದೆ ದುಡ್ಡು ಕೊಡುವಂತಿಲ್ಲ. ಹಳೆ ಸಾಮಾನಿನ ವ್ಯಾಪಾರಕ್ಕೆ ಅನೇಕ ರಾಜ್ಯಗಳಲ್ಲಿ ಕಾನೂನೇ ಹಾಗಿದೆ. ಹಾಸ್ಟೆಲ್‌ಗಳಲ್ಲಿ ಕಳುವಾದ ಸಿಡಿಗಳು ಬರುವುದು ಹತ್ತಿರದ ಅಂಗಡಿಗೇ. ಕಳ್ಳನನ್ನು ಕಂಡುಹಿಡಿಯಲು ಪತ್ತೇದಾರಿಕೆ ಬೇಡ. ಈ ರಾಶಿಯಲ್ಲಿ ಏನೇನಿದೆ ಎಂದು ನೋಡದೆ ಕೇಳಿದರೆ ತನ್ನದಾದವನು ನಾಲ್ಕಾದರೂ ಹೆಸರು ಹೇಳುತ್ತಾನೆ.

ಕೊಂಡ ಮೇಲೆ ಹಿಂದಿನ ಕೋಣೆಯ ಕೆಲಸ. ಮೊದಲು ಹಳೆ ಅಂಗಡಿಯ ಬೆಲೆಚೀಟಿ ತೆಗೆಯಬೇಕು. ಲೈಟರ್‌ಗೆ ಹಾಕುವ ನ್ಯಾಫ್ತಾ ಎರಡು ಹನಿ ಬಿಟ್ಟು, ಅರ್ಧ ನಿಮಿಷ ಕಾದು, ಪ್ಲಾಸ್ಟಿಕ್ ಅಂಚಿನಿಂದ ನಿಧಾನ ಎಬ್ಬಿಸಿ, ಉಳಿದ ಅಂಟನ್ನು ಬಟ್ಟೆಯಲ್ಲಿ ಉಜ್ಜಿದರೆ ಕಲೆ ಇಲ್ಲದೆ ಆರುತ್ತದೆ. ಕಿತ್ತಳೆ ಎಣ್ಣೆಯ ದ್ರವಗಳು ಕಾಗದದಲ್ಲಿ ಎಣ್ಣೆಕಲೆ ಉಳಿಸುತ್ತವೆ. ಹೊಳಪಿಲ್ಲದ ಒರಟು ಕಾಗದದ ಕವರಿಗೆ ಯಾವ ದ್ರವವೂ ಬೇಡ, ಚೀಟಿ ಇದ್ದಲ್ಲೇ ಇರಲಿ. ಕೆಲಸದ ಹತ್ತಿರ ಸಿಗರೇಟು ಸೇದುವವರನ್ನು ದೂರವಿಡಿ, ಅಷ್ಟೇ. ಅಂಗಡಿಯ ಹೊಸ ಬೆಲೆಚೀಟಿ ಎಂದೂ ಕವರಿನ ಮೇಲಲ್ಲ, ಹೊರಗಿನ ಪ್ಲಾಸ್ಟಿಕ್ ಹೊದಿಕೆಯ ಮೇಲೆ. ಅದರ ಮೂಲೆಯಲ್ಲಿ ತಿಂಗಳು, ವರ್ಷ ಸಣ್ಣದಾಗಿ. ಮೂರು ತಿಂಗಳು ದಾಟಿದ್ದು ಕಂಡರೆ ಕೆಂಪು ಪೆನ್ನಿನಲ್ಲಿ ಒಂದು ಡಾಲರ್ ಇಳಿಸುವುದು, ಆರು ತಿಂಗಳಿಗೆ ಹೊರಗಿನ ಒಂದು ಡಾಲರ್ ಡಬ್ಬಕ್ಕೆ. ಈ ದಿನಾಂಕ ಬರೆಯದ ಅಂಗಡಿಯಲ್ಲಿ ಎರಡು ವರ್ಷದಲ್ಲಿ ಡಬ್ಬಗಳು ತುಂಬಿ, ಗಿರಾಕಿ ಬಂದಾಗಲೆಲ್ಲ ಅದೇ ಮುಖಗಳನ್ನು ನೋಡಿ ಬರುವುದನ್ನೇ ನಿಲ್ಲಿಸುತ್ತಾನೆ.

ತೊಳೆಯಲು ಭಟ್ಟಿ ಇಳಿಸಿದ ನೀರು ಮೂರು ಪಾಲು, ಐಸೊಪ್ರೊಪೈಲ್ ಆಲ್ಕೋಹಾಲ್ ಒಂದು ಪಾಲು, ಫೋಟೋ ತೊಳೆಯುವಾಗ ಬಳಸುವ ಫೋಟೋ-ಫ್ಲೋ ಕೆಲವು ಹನಿ. ನಲ್ಲಿ ನೀರು ಬೇಡ, ಆರಿದ ಮೇಲೆ ಅದರ ಲವಣ ಗೆರೆಯೊಳಗೆ ಉಳಿದು ಹೊಸ ಕರಕರ ಹುಟ್ಟಿಸುತ್ತದೆ. ಬ್ರಷ್ಷಿನಿಂದ ಗೆರೆಯ ದಿಕ್ಕಿನಲ್ಲಿ ಹಚ್ಚಿ, ದ್ರವವನ್ನು ಯಂತ್ರದಿಂದ ಹೀರಿಸಬೇಕು. ಒಂದೆರಡು ಸುತ್ತು ಸಾಕು, ಹೆಚ್ಚು ಹೊತ್ತು ಒಣದಾಗಿ ಹೀರಿದರೆ ಸ್ಥಿರವಿದ್ಯುತ್ ಕೂಡಿ ತೊಳೆದ ತಟ್ಟೆಯೇ ಧೂಳನ್ನು ಎಳೆದುಕೊಳ್ಳುತ್ತದೆ. 78 ವೇಗದ ಅರಗಿನ ತಟ್ಟೆಗೆ ಮಾತ್ರ ಈ ದ್ರವ ಕೂಡದು. ಆಲ್ಕೋಹಾಲ್‌ನಲ್ಲಿ ಅರಗು ಕರಗುತ್ತದೆ, ಒಂದು ಒರೆಸಿಗೆ ರೆಕಾರ್ಡ್ ಹಾಳು. ಹೊರಹೊದಿಕೆಗೆ ಪಾಲಿಥೀನ್ ಅಥವಾ ಪಾಲಿಪ್ರೊಪಿಲೀನ್ ಆಗಬೇಕು. ದಪ್ಪಗೆ, ಮೆತ್ತಗೆ, ಅಂದವಾಗಿ ಕಾಣುವ ಪಿವಿಸಿ ಹೊದಿಕೆ ವರ್ಷಗಳ ಮೇಲೆ ಆವಿ ಬಿಟ್ಟು ತಟ್ಟೆಯ ಮೇಲೆ ಮಂಜಿನಂಥ ಪದರ ಕೂರಿಸುತ್ತದೆ. ಅದು ಯಾವ ತೊಳೆತಕ್ಕೂ ಹೋಗುವುದಿಲ್ಲ.

ಜೋಡಿಸುವ ನಿಯಮ ಕೇಳಲು ಸುಲಭ: ವ್ಯಕ್ತಿಯಾದರೆ ಕೊನೆಯ ಹೆಸರು, ತಂಡವಾದರೆ ಮೊದಲ ಪದ. ಪಿಂಕ್ ಫ್ಲಾಯ್ಡ್, ಜೆಥ್ರೊ ಟಲ್ ವ್ಯಕ್ತಿಗಳಲ್ಲ, ಆದ್ದರಿಂದ ಪಿ ಮತ್ತು ಜೆ. ಪ್ರತಿ ಸೆಪ್ಟೆಂಬರ್‌ನಲ್ಲೂ ಹೊಸ ಹುಡುಗರು ಅವನ್ನು ಎಫ್ ಮತ್ತು ಟಿ ಡಬ್ಬಗಳಿಗೆ ಸೇರಿಸುತ್ತಿದ್ದರು. ಭಾರತದ ಡಬ್ಬಕ್ಕೆ ಬಂದರೆ ಈ ನಿಯಮ ಕುಸಿಯುತ್ತದೆ. ಭೀಮಸೇನ ಜೋಶಿ, ಗಂಗೂಬಾಯಿ ಹಾನಗಲ್ ಸಲೀಸಾಗಿ ಜೆ ಮತ್ತು ಎಚ್‌ಗೆ ಹೋಗುತ್ತಾರೆ. ಎಂ. ಎಸ್. ಸುಬ್ಬುಲಕ್ಷ್ಮಿ ಅದೃಷ್ಟವಶಾತ್ ಸರಿಯಾದ ಜಾಗಕ್ಕೇ ಬೀಳುತ್ತಾರೆ. ಆದರೆ ಮೈಸೂರಿನ ದೊರೆಸ್ವಾಮಿ ಅಯ್ಯಂಗಾರ್, ಅರಿಯಾಕುಡಿ ರಾಮಾನುಜ ಅಯ್ಯಂಗಾರ್, ಸೆಮ್ಮಂಗುಡಿ ಶ್ರೀನಿವಾಸ ಅಯ್ಯರ್, ಮದುರೆ ಮಣಿ ಅಯ್ಯರ್ ಎಲ್ಲರೂ ಐ ಅಕ್ಷರದ ಒಂದೇ ಕಿಷ್ಕಿಂಧೆಯಲ್ಲಿ. ಭಾರತದ ಎಚ್‌ಎಂವಿ ಅಚ್ಚನ್ನು ಗುರುತಿಸುವುದು ಸುಲಭ: ಕೋಲ್ಕತ್ತ ಬಳಿಯ ಡಮ್ ಡಮ್ ಕಾರ್ಖಾನೆಯ ಎಲ್‌ಪಿಗಳಲ್ಲಿ ಇಸಿಎಲ್‌ಪಿ ಎಂದಿದ್ದರೆ ಮೋನೊ, ಇಎಎಸ್‌ಡಿ ಎಂದಿದ್ದರೆ ಸ್ಟೀರಿಯೊ. ಸಂಶೋಧನೆಗೆ ಬಂದು ಹೋಗುವ ಭಾರತೀಯ ವಿದ್ಯಾರ್ಥಿಗಳು, ಸಂಗೀತಶಾಸ್ತ್ರ ವಿಭಾಗಗಳು ಇರುವ ಊರಿನಲ್ಲಿ ಈ ಡಬ್ಬಕ್ಕೆ ಗಿರಾಕಿ ಕಡಿಮೆ, ಆದರೆ ಬಂದವರು ಬೆಲೆ ಚೌಕಾಸಿ ಮಾಡದೆ ಒಯ್ಯುತ್ತಾರೆ.

ಹೊಸ ಮಾಲಿನ ಬಗ್ಗೆ ಹೆಚ್ಚು ಹೇಳಬೇಕಿಲ್ಲ. ದೊಡ್ಡ ಕಂಪನಿಗಳಿಂದ ನೇರ ತರಿಸಲು ಕನಿಷ್ಠ ಆರ್ಡರ್ ದೊಡ್ಡದು, ಹಾಗಾಗಿ ಸಣ್ಣ ಅಂಗಡಿಗಳು ಎಲ್ಲ ಕಂಪನಿಗಳ ಮಾಲನ್ನೂ ಇಡುವ ಒನ್-ಸ್ಟಾಪ್ ಸಗಟು ವ್ಯಾಪಾರಿಗಳಿಂದ, ಪ್ರತಿಗೆ ಅರ್ಧ ಡಾಲರ್ ಹೆಚ್ಚು ಕೊಟ್ಟಾದರೂ, ಎರಡೆರಡೇ ತರಿಸುತ್ತಿದ್ದವು. ಕವರಿನ ಮೂಲೆ ಕತ್ತರಿಸಿದ್ದು, ಗರಗಸದ ಗೀಟು ಬಿದ್ದದ್ದು, ಬಾರ್‌ಕೋಡಿಗೆ ತೂತು ಕೊರೆದದ್ದು ಕಂಡರೆ ಅದು ಕಂಪನಿ ಅಗ್ಗಕ್ಕೆ ತಳ್ಳಿದ ಮಾಲು, ವಾಪಸ್ ಕಳಿಸುವಂತಿಲ್ಲ. 1991ರ ಮೇ 25ರ ಸಂಚಿಕೆಗೆ ಮುಂಚೆ ಬಿಲ್‌ಬೋರ್ಡ್ ಪತ್ರಿಕೆಯ ಜನಪ್ರಿಯ ಆಲ್ಬಮ್‌ಗಳ ಪಟ್ಟಿ ಅಂಗಡಿಗಳಿಗೆ ಫೋನ್ ಮಾಡಿ ‘ಈ ವಾರ ಏನು ಹೋಯಿತು’ ಎಂದು ಕೇಳಿ ತಯಾರಾಗುತ್ತಿತ್ತು. ಫೋನ್ ಎತ್ತಿದವನ ಅಭಿರುಚಿಯೂ ಅದರಲ್ಲಿ ಸೇರುತ್ತಿತ್ತು. ಆ ವಾರದಿಂದ ಸೌಂಡ್‌ಸ್ಕ್ಯಾನ್ ಎಂಬ ಬಾರ್‌ಕೋಡ್ ಲೆಕ್ಕ ಬಂತು. ಅಂಗಡಿಯಲ್ಲಿ ಹಾಡು ಹಾಕಲು ಪರವಾನಗಿ ಶುಲ್ಕ ಕಟ್ಟಬೇಕೇ ಎಂದು ಕೇಳುವವರಿದ್ದಾರೆ. ಬೇಡ. ಅಮೆರಿಕದ ಕೃತಿಸ್ವಾಮ್ಯ ಕಾನೂನಿನ 110(7) ಕಲಮು, ಬಿಡಿ ಮಾರಾಟ ಹೆಚ್ಚಿಸುವುದಕ್ಕಷ್ಟೇ ಹಾಡು ಹಾಕುವ, ಪ್ರವೇಶಧನ ಇಲ್ಲದ ಅಂಗಡಿಗೆ ವಿನಾಯಿತಿ ಕೊಡುತ್ತದೆ. ಪಕ್ಕದ ಕಾಫಿ ಅಂಗಡಿಗೆ ಆ ಕಲಮು ಒದಗುವುದಿಲ್ಲ. ಆದರೆ ರೆಕಾರ್ಡನ್ನು ಬಾಡಿಗೆಗೆ ಕೊಡುವುದನ್ನು 1984ರ ತಿದ್ದುಪಡಿ ನಿಷೇಧಿಸಿದೆ. ಕೊಂಡದ್ದನ್ನು ಮಾರಬಹುದು, ಬಾಡಿಗೆಗೆ ಬಿಡುವಂತಿಲ್ಲ.

ಊರಿನ ತಂಡಗಳ ಮಾಲು ಇಡುವುದು ಲಾಭಕ್ಕಲ್ಲ, ಆದರೆ ಇಡದ ಅಂಗಡಿಗೆ ಕಾಲೇಜು ಊರಿನಲ್ಲಿ ಮರ್ಯಾದೆ ಇಲ್ಲ. ಐದು ಪ್ರತಿ, ಮಾರಿದ ಮೇಲೆ ದುಡ್ಡು, ತಂಡಕ್ಕೆ ನೂರಕ್ಕೆ ಸುಮಾರು ಎಪ್ಪತ್ತು ಪಾಲು, ತೊಂಬತ್ತು ದಿನದ ಗಡುವು, ಇದನ್ನೆಲ್ಲ ಬರೆದ ಚೀಟಿಯ ಎರಡು ನಕಲು. ಎಡವಟ್ಟಾಗುವುದು ಯಾವಾಗಲೂ ಒಂದೇ ಕಡೆ: ಚೀಟಿಯಲ್ಲಿ ಬರೆದ ಫೋನ್ ಹಾಸ್ಟೆಲ್ ಕೋಣೆಯದು. ಸೆಮಿಸ್ಟರ್ ಮುಗಿದು ತಂಡ ಒಡೆದು, ಮೂರು ಪ್ರತಿಯ ದುಡ್ಡು ವಾರಸುದಾರರಿಲ್ಲದೆ ಡ್ರಾಯರಿನಲ್ಲಿ ಉಳಿಯುತ್ತದೆ. ತಂಡದವರ ತಂದೆತಾಯಿಯ ಊರಿನ ವಿಳಾಸ ಬರೆಸಿಕೊಳ್ಳುವುದೊಂದೇ ಪರಿಹಾರ.

ಹಳೆ ಸಿಡಿ ವ್ಯಾಪಾರದ ಮೇಲೆ ದೊಡ್ಡ ದಾಳಿ ನಡೆದದ್ದು 1993ರಲ್ಲಿ. ಹಳೆ ಸಿಡಿ ಮಾರುವ ಅಂಗಡಿಗಳಿಗೆ ಜಾಹೀರಾತಿನ ನೆರವು ಕೊಡುವುದಿಲ್ಲ ಎಂದು ನಾಲ್ಕು ದೊಡ್ಡ ವಿತರಕರು ಹೇಳಿದರು, ಗಾಯಕ ಗಾರ್ಥ್ ಬ್ರೂಕ್ಸ್ ತನ್ನ ಹೊಸ ಆಲ್ಬಮ್ ಅಂಥ ಅಂಗಡಿಗೆ ಹೋಗಕೂಡದು ಎಂದ. ಅಂಗಡಿಗಳು ಮೊಕದ್ದಮೆ ಹೂಡಿದವು, ಸರ್ಕಾರದ ವ್ಯಾಪಾರ ಆಯೋಗ ವಿಚಾರಿಸತೊಡಗಿತು, ವಿತರಕರು ಹಿಂದೆ ಸರಿದರು. ಆ ಹೋರಾಟ ಗೆದ್ದವರಿಗೆ 1999ರಲ್ಲಿ ಬಂದ, ಅಂತರ್ಜಾಲದಲ್ಲಿ ಹಾಡುಗಳನ್ನು ಪುಕ್ಕಟೆ ಹಂಚಿಕೊಳ್ಳುವ ನ್ಯಾಪ್‌ಸ್ಟರ್ ಎದುರು ಅಂಥ ಅಸ್ತ್ರವಿರಲಿಲ್ಲ. ವೇಗದ ಅಂತರ್ಜಾಲ ಮೊದಲು ಬಂದದ್ದೇ ಹಾಸ್ಟೆಲ್ ಕೋಣೆಗಳಿಗೆ. ರೆಕಾರ್ಡ್ ಕಂಪನಿಗಳು ಹೂಡಿದ ಮೊಕದ್ದಮೆಯಲ್ಲಿ ಸಾಕ್ಷ್ಯವಾಗಿ ಬಂದ ವರದಿಯೊಂದು ಕಾಲೇಜುಗಳ ಸುತ್ತಲಿನ ಅಂಗಡಿಗಳ ಸೌಂಡ್‌ಸ್ಕ್ಯಾನ್ ಲೆಕ್ಕವನ್ನೇ ಆಧರಿಸಿತ್ತು. ನ್ಯಾಪ್‌ಸ್ಟರ್ ಶುರುವಾಗುವ ಮುಂಚಿನ ವರ್ಷಗಳನ್ನೂ ಅದು ಸೇರಿಸಿಕೊಂಡಿದ್ದರ ಬಗ್ಗೆ ನ್ಯಾಯಾಧೀಶರಿಗೆ ಅಳುಕಿತ್ತು. ನನ್ನ ಎಣಿಕೆಯಲ್ಲಿ ಆ ಅಳುಕು ಸರಿ. ದೊಡ್ಡ ಎಲೆಕ್ಟ್ರಾನಿಕ್ಸ್ ಮಳಿಗೆಗಳು ಗಿರಾಕಿಯನ್ನು ಸೆಳೆಯಲು ಹೊಸ ಸಿಡಿಯನ್ನು ಸಗಟು ಬೆಲೆಗೆ, ಕೆಲವೊಮ್ಮೆ ಅದಕ್ಕೂ ಕೆಳಗೆ ಮಾರತೊಡಗಿದಾಗಲೇ ಬುಡ ಅಲುಗಾಡಿತ್ತು. ಹೊಸ ಮಾಲನ್ನೇ ನಂಬಿದ ಅಂಗಡಿಗಳು ಮೊದಲು ಬಿದ್ದವು, ಕೊಳ್ಳುವ ಕೌಂಟರ್ ಗಟ್ಟಿಯಿದ್ದವು ಬಹುಕಾಲ ತಡೆದವು. ಅಮೀಬಾ, ಪ್ರಿನ್ಸ್‌ಟನ್, ವುಕ್ಸ್‌ಟ್ರಿ ಉಳಿದದ್ದಕ್ಕೆ ಇದೊಂದು ಮುಖ್ಯ ಕಾರಣ ಎಂದೇ ನನಗನ್ನಿಸುತ್ತದೆ. 2008ರ ಏಪ್ರಿಲ್ 19ರಂದು ಮೊದಲ ಬಾರಿ ನಡೆದ, ಸ್ವತಂತ್ರ ಅಂಗಡಿಗಳ ಹಬ್ಬವಾದ ರೆಕಾರ್ಡ್ ಸ್ಟೋರ್ ಡೇ ಜನರನ್ನು ಬಾಗಿಲಿಗೆ ತಂದದ್ದು ನಿಜ, ಆದರೆ ಅದಕ್ಕಾಗಿ ತರಿಸಿದ ವಿಶೇಷ ಅಚ್ಚುಗಳನ್ನು ವಾಪಸ್ ಕಳಿಸುವಂತಿಲ್ಲ. ಉತ್ಸಾಹದಲ್ಲಿ ಹೆಚ್ಚು ತರಿಸಿದವರ ಮೇ ತಿಂಗಳ ನಗದು ಏಪ್ರಿಲ್‌ನಲ್ಲೇ ಕಟ್ಟಿಬೀಳುತ್ತದೆ.

ಅಮೆರಿಕದಲ್ಲಿ ಓದುತ್ತಿರುವ ಯಾರಾದರೂ ಊರಿಗೆ ಮರಳುವ ಮುನ್ನ ರೆಕಾರ್ಡ್ ಮಾರಲು ಹೊರಟಿದ್ದರೆ ಇಷ್ಟು ಗಮನಿಸಿ. ಶನಿವಾರ ಮಧ್ಯಾಹ್ನ ಹೋಗಬೇಡಿ, ಕೊಳ್ಳುವವನಿಗೆ ಪುರಸತ್ತಿರುವುದಿಲ್ಲ, ಬೇಗ ಮುಗಿಸಲು ಕಡಿಮೆ ಹೇಳುತ್ತಾನೆ. ವಾರದ ನಡುವೆ ಬೆಳಿಗ್ಗೆ, ಮೊದಲೇ ಫೋನ್ ಮಾಡಿ ಹೋಗಿ. ಎಲ್ಲರೂ ಮಾರಲು ಬರುವ ಮೇ ಎರಡನೇ ವಾರಕ್ಕಿಂತ ಏಪ್ರಿಲ್ ಮೊದಲ ವಾರ ಉತ್ತಮ. ತಟ್ಟೆಗಳನ್ನು ನೆಟ್ಟಗೆ ನಿಲ್ಲಿಸಿ ಒಯ್ಯಿರಿ, ಮಲಗಿಸಬೇಡಿ, ಕಾರಿನಲ್ಲಿ ಬಿಡಬೇಡಿ. ಮನೆಯಲ್ಲಿ ತೊಳೆಯುವ ಸಾಹಸ ಬೇಡ, ಒಣಬಟ್ಟೆಯಲ್ಲಿ ಉಜ್ಜಿದ ಧೂಳೇ ಗೀರು ಹಾಕುತ್ತದೆ. ಗುರುತಿನ ಚೀಟಿ ಜೇಬಿನಲ್ಲಿರಲಿ. ಊರಿಗೆ ಹೊರಟವರಿಗೆ ಅಂಗಡಿಯ ಚೀಟಿಯಿಂದ ಪ್ರಯೋಜನವಿಲ್ಲ, ನಗದನ್ನೇ ಕೇಳಿ. ಕೊಳ್ಳುವವನು ಎರಡನೇ ಸಲ ತೆಗೆದು ನೋಡಿದ ರೆಕಾರ್ಡ್ ಯಾವುದು ಎಂದು ಮಾತ್ರ ಗಮನಿಸಿ, ಅದೊಂದನ್ನು ಬೇರೆಯಾಗಿ ಬೆಲೆ ಕೇಳಿ.